ಗೇಟಿನ ಚಿಲಕ ಸದ್ದಾದರೆ ಈಗಲೂ ಎದೆ ಧಸಕ್ ಅನ್ನುತ್ತದೆ, ಯಾಕೆ?

ಪ್ರಶ್ನೆ: ನನಗೆ 38 ವರ್ಷ. ಒಳ್ಳೆ ಕೆಲಸ, ಒಳ್ಳೆ ಗಂಡ, ಏಳು ವರ್ಷದ ಮಗಳು ಇದ್ದಾಳೆ. ನಾನು ಚಿಕ್ಕವಳಿದ್ದಾಗ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಿದ್ದರು. ಅಡ್ಡ ಹೋದರೆ ನನಗೂ ಬೀಳುತ್ತಿತ್ತು. ಈಗಲೂ ಸಂಜೆ ಗೇಟಿನ ಚಿಲಕ ಸದ್ದಾದರೆ ಎದೆ ಧಸಕ್ ಅನ್ನುತ್ತದೆ, ಬಂದದ್ದು ಗಂಡ ಎಂದು ಗೊತ್ತಿದ್ದರೂ. ಆಫೀಸಿನಲ್ಲಿ ಯಾರಾದರೂ ದನಿ ಎತ್ತಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಕಳೆದ ತಿಂಗಳು ಮಗಳು ಹಾಲು ಚೆಲ್ಲಿದಳೆಂದು ಎಷ್ಟು ಜೋರಾಗಿ ಕಿರುಚಿದೆನೆಂದರೆ, ಅವಳು ಹೋಗಿ ಟೇಬಲ್ ಕೆಳಗೆ ಕೂತಳು. ನಾನು ಮಂಚದ ಕೆಳಗೆ ಹಾಗೇ ಕೂರುತ್ತಿದ್ದೆ. ಅಣ್ಣ, "ಆ ಕಾಲದಲ್ಲಿ ಎಲ್ಲರ ಮನೇಲೂ ಇದೇ ಕಥೆ. ನಾನು ಚೆನ್ನಾಗಿಲ್ವಾ?" ಅನ್ನುತ್ತಾನೆ. ಅಪ್ಪನಿಗೆ ಹೋದ ವರ್ಷ ಲಕ್ವ ಹೊಡೆಯಿತು, ಈಗ ನಮ್ಮ ಮನೆಯಲ್ಲೇ ಇದ್ದಾರೆ. ನನ್ನನ್ನು ನೋಡಿದರೆ ಅಳುತ್ತಾರೆ. ಅಮ್ಮ, "ಕ್ಷಮಿಸಿಬಿಡು, ಎಲ್ಲ ಸರಿಹೋಗುತ್ತೆ" ಅನ್ನುತ್ತಾಳೆ. ಮೂವತ್ತು ವರ್ಷದ ಹಿಂದಿನ ಮಾತು ಇದು. ಇನ್ನೂ ಹೋಗಿಲ್ಲ ಅಂದರೆ ನನ್ನಲ್ಲೇ ಏನೋ ದೋಷ ಇದೆಯಾ? ಕ್ಷಮಿಸಿದರೆ ನಿಜವಾಗಿ ಸರಿಹೋಗುತ್ತಾ?

ಉತ್ತರ: ಮೊದಲು ಚಿಲಕದ ವಿಷಯಕ್ಕೇ ಬರುತ್ತೇನೆ. ನೀವು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಮಾತ್ರ ನಿಮ್ಮ ಇಡೀ ಪತ್ರ ಅದರಲ್ಲೇ ಇದೆ ಅನ್ನಿಸಿತು.

ಎಂಟು ವರ್ಷದ ಹುಡುಗಿ. ರಾತ್ರಿ ಎಂಟೂವರೆ. ಎದುರಿಗೆ ಪುಸ್ತಕ ಇದೆ, ಕಣ್ಣು ಅದರ ಮೇಲಿದೆ, ಕಿವಿ ಬೀದಿಯಲ್ಲಿದೆ. ಲೂನಾ ತಿರುವಿಗೆ ಬಂತಾ? ಸ್ಟ್ಯಾಂಡ್ ಒಂದೇ ಸಲಕ್ಕೆ ಹಾಕಿದರಾ, ಮೂರು ನಾಲ್ಕು ಸಲ ಒದ್ದರಾ? ಚಪ್ಪಲಿ ಎಳೆದುಕೊಂಡು ಬರುತ್ತಿದ್ದಾರಾ? ಚಿಲಕ ಮೆತ್ತಗೆ ಎತ್ತಿದರಾ, ಬಡಿದರಾ? ಅಪ್ಪ ಹೊಸ್ತಿಲು ದಾಟುವ ಮೊದಲೇ ಆ ಹುಡುಗಿಗೆ ಇವತ್ತಿನ ರಾತ್ರಿ ಹೇಗಿರುತ್ತದೆ ಎಂದು ಗೊತ್ತಾಗಿರುತ್ತದೆ. ಅಷ್ಟರಲ್ಲಿ ತಮ್ಮನನ್ನೋ ತಂಗಿಯನ್ನೋ ಒಳಗೆ ಕಳಿಸಿ, ಅನ್ನದ ತಟ್ಟೆ ಹಾಕಿಟ್ಟು, ತಾನು ಗೋಡೆಗೆ ಒರಗಿ ಕೂತಿರುತ್ತಾಳೆ. ಈ ವಿವರ ನಿಮ್ಮ ಪತ್ರದಲ್ಲಿಲ್ಲ. ಇಂಥ ಮನೆಗಳಲ್ಲಿ ಬೆಳೆದವರು ಬೇರೆ ಬೇರೆ ಊರಿನಿಂದ ಬಂದು ನನ್ನೆದುರು ಕೂತು ಹೇಳಿದ್ದನ್ನು ಸೇರಿಸಿ ಬರೆದೆ. ಒಬ್ಬರಿಗೆ ಲೂನಾ, ಇನ್ನೊಬ್ಬರಿಗೆ ಬೀಗದ ಕೈ ಗೊಂಚಲು, ಮತ್ತೊಬ್ಬರಿಗೆ ಕೆಮ್ಮು. ಎಲ್ಲರಿಗೂ ಒಂದು ಸದ್ದು ಇದ್ದೇ ಇರುತ್ತದೆ.

ಇದು ದೋಷ ಅಲ್ಲ, ನೀವು ಕಲಿತ ವಿದ್ಯೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೋಲಾಕ್ ಮತ್ತು ಅವರ ಜೊತೆಯವರು 2002ರಲ್ಲಿ ಒಂದು ಪರೀಕ್ಷೆ ಮಾಡಿದರು. ಮಕ್ಕಳಿಗೆ ಮುಖದ ಚಿತ್ರ ತೋರಿಸಿದರು. ಮೊದಲು ಪೂರ್ತಿ ಮಬ್ಬು, ಆಮೇಲೆ ಸ್ವಲ್ಪ ಸ್ವಲ್ಪವೇ ಸ್ಪಷ್ಟ. ಮನೆಯಲ್ಲಿ ಹೊಡೆತ ತಿಂದ ಮಕ್ಕಳು ಬೇರೆ ಮಕ್ಕಳಿಗಿಂತ ಬೇಗ, ಇನ್ನೂ ಮಬ್ಬಿದ್ದಾಗಲೇ, ಸಿಟ್ಟಿನ ಮುಖವನ್ನು ಗುರುತಿಸಿದರು. ಉಳಿದ ಭಾವನೆಗಳಲ್ಲಿ ಅವರಿಗೆ ಅಂಥ ಮುನ್ನಡೆ ಇರಲಿಲ್ಲ. ಯಾವುದನ್ನು ಬೇಗ ಗುರುತಿಸಿದರೆ ಪೆಟ್ಟು ತಪ್ಪುತ್ತದೋ ಅದನ್ನು ಅವರ ಮೆದುಳು ಕಲಿತಿತ್ತು.

ಮಗುವಿನ ಮೆದುಳು ಹೀಗೇ ಕೆಲಸ ಮಾಡುತ್ತದೆ. ಕನ್ನಡ ಕೇಳಿದರೆ ಕನ್ನಡ ಕಲಿಯುತ್ತದೆ, ದಿಗಿಲಿನಲ್ಲಿ ಬೆಳೆದರೆ ದಿಗಿಲು ಕಲಿಯುತ್ತದೆ. ನಮ್ಮ ಮೆದುಳಿನ ಒಳಗೆ, ಕಿವಿಗಳ ಮಟ್ಟದಲ್ಲಿ, ಬಾದಾಮಿ ಗಾತ್ರದ ಎರಡು ಭಾಗಗಳಿವೆ. ಅಮಿಗ್ಡಲಾ ಎನ್ನುತ್ತೇವೆ. ಅಪಾಯ ಎಂದರೆ ಮೊದಲು ಎಚ್ಚರವಾಗುವುದು ಅದು. ಹಣೆಯ ಹಿಂದಿರುವ, ವಿಚಾರ ಮಾಡುವ ಭಾಗ "ಏ, ಬಂದದ್ದು ಗಂಡ ಕಣೇ" ಎಂದು ಹೇಳುವಷ್ಟರಲ್ಲಿ ಇದು ಎದೆ ಬಡಿತ ಏರಿಸಿ, ಕೈಕಾಲು ಬಿಗಿ ಮಾಡಿ ಮುಗಿಸಿರುತ್ತದೆ. ಅದಕ್ಕೇ "ಗೊತ್ತಿದ್ದರೂ ಹೀಗಾಗುತ್ತದೆ" ಎಂದು ನಿಮಗೆ ಅನ್ನಿಸುವುದು. ಗೊತ್ತಿರುವ ಜಾಗ ಬೇರೆ, ಬೆಚ್ಚುವ ಜಾಗ ಬೇರೆ. ವರ್ಷಗಟ್ಟಲೆ ದಿನಾ ಸಂಜೆ ಈ ಅಭ್ಯಾಸ ನಡೆದರೆ ಒತ್ತಡ ಬಂದಾಗ ಮೈಯಲ್ಲಿ ಏರುವ ಕಾರ್ಟಿಸಾಲ್‌ನಂಥ ಹಾರ್ಮೋನುಗಳ ಏರಿಳಿತವೂ ಬದಲಾಗುತ್ತದೆ. ನಿದ್ದೆ ತೆಳುವಾಗುತ್ತದೆ. ಕೆಲವರಿಗೆ ಹೊಟ್ಟೆ, ಕೆಲವರಿಗೆ ತಲೆನೋವು, ಕೆಲವರಿಗೆ ಕುತ್ತಿಗೆ. ಎಷ್ಟೋ ಜನ ಹೊಟ್ಟೆಯ ಡಾಕ್ಟರ ಹತ್ತಿರ ಐದಾರು ವರ್ಷ ಓಡಾಡಿ, ಎಂಡೋಸ್ಕೋಪಿ ಎಲ್ಲ ಮುಗಿಸಿ, ಕೊನೆಗೆ ನಮ್ಮ ಕಡೆ ಬರುತ್ತಾರೆ.

ಆಫೀಸಿನಲ್ಲಿ ಬಾಯಿ ಕಟ್ಟುವುದೂ ಇದೇ. ದೊಡ್ಡವರು ಅಪಾಯ ಬಂದರೆ ಜಗಳಕ್ಕೆ ನಿಲ್ಲಬಹುದು, ಇಲ್ಲ ಓಡಬಹುದು. ಎಂಟು ವರ್ಷದ ಮಗು ಅಪ್ಪನ ಜೊತೆ ಜಗಳ ಆಡಲಾರದು, ಮನೆ ಬಿಟ್ಟು ಓಡಲಾರದು. ಅದಕ್ಕೆ ಉಳಿದ ದಾರಿ ಒಂದೇ, ಅಲ್ಲಾಡದೆ ಕೂರುವುದು. ಮ್ಯಾನೇಜರ್ ದನಿ ಎತ್ತಿದಾಗ ನಿಮ್ಮ ದೇಹ ಆ ಹಳೇ ದಾರಿಯನ್ನೇ ಹಿಡಿಯುತ್ತದೆ. "ಇಷ್ಟು ಓದಿದ್ದೀನಿ, ಒಂದು ಮಾತು ಆಡಕ್ಕೆ ಬರಲ್ವಾ" ಎಂದು ಆಮೇಲೆ ನಿಮ್ಮನ್ನೇ ಬೈದುಕೊಳ್ಳುತ್ತೀರಿ, ಅಲ್ವಾ? ಅದನ್ನು ಬಿಡಿ ಎಂದರೆ ಬಿಡಲಾಗುವುದಿಲ್ಲ, ಗೊತ್ತು. ಕಾರಣ ಇದು ಎಂದು ತಿಳಿದಿರಲಿ, ಸಾಕು.

ಇನ್ನು ನಿಮ್ಮ ಅಣ್ಣನ ಮಾತು. "ಎಲ್ಲರ ಮನೇಲೂ ಇದೇ ಕಥೆ." ಅರ್ಧ ನಿಜ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. ಮನೆಯೊಳಗಿನ ಹೊಡೆತದಲ್ಲಿ ಕೈ ಎತ್ತಿದವರು ಹೆಚ್ಚಾಗಿ ಹೆತ್ತವರೇ. ನಮ್ಮಲ್ಲಿ "ದಂಡಂ ದಶಗುಣಂ" ಎಂದು ಹೆಮ್ಮೆಯಿಂದ ಹೇಳುವವರು ಈಗಲೂ ಇದ್ದಾರೆ. ಶಾಲೆಯಲ್ಲಿ ಹೊಡೆಯುವುದನ್ನು ಕಾನೂನು ನಿಷೇಧಿಸಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಲ್ಲಿ. ಮೇಷ್ಟರ ಬೆತ್ತದ ರುಚಿ ನಾನೂ ಕಂಡವನೇ, "ಅದಕ್ಕೇ ನಾನು ಉದ್ಧಾರ ಆದೆ" ಎಂದು ಬಹಳ ವರ್ಷ ನಾನೂ ಹೇಳಿಕೊಂಡು ತಿರುಗಿದ್ದೇನೆ.

ಆದರೆ ಪಾವಗಡದ ಕಡೆಯ ನೀರನ್ನು ನೆನಪಿಸಿಕೊಳ್ಳಿ. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದೊಂದು ಊರಲ್ಲಿ ಮಕ್ಕಳ ಹಲ್ಲೆಲ್ಲ ಕಂದು. ಅಲ್ಲೇ ಹುಟ್ಟಿ ಬೆಳೆದವನಿಗೆ ಹಲ್ಲು ಎಂದರೆ ಕಂದು ಬಣ್ಣವೇ. ಹಾಗಂತ ನೀರು ಚೆನ್ನಾಗಿತ್ತು ಅನ್ನುತ್ತೀರಾ? ಅದೇ ನೀರು ಕುಡಿದ ಒಬ್ಬನಿಗೆ ಹಲ್ಲು ಮಾತ್ರ ಹೋಗುತ್ತದೆ, ಇನ್ನೊಬ್ಬನ ಮೂಳೆಯೂ ಬಗ್ಗುತ್ತದೆ. ನಿಮ್ಮ ಅಣ್ಣನ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

"ಹೊಡೆತ ಬಿದ್ದದ್ದು ಜಾಸ್ತಿ ಅಮ್ಮನಿಗೆ, ನನಗೇನೂ ಅಷ್ಟಾಗಿಲ್ಲ" ಎನ್ನುವವರು ಬಹಳ. ಅವರಿಗೆ ನಾನು ಹೇಳುವ ಒಂದು ಹಳೆಯ ಕಥೆ ಇದೆ. 1985ರ ಹೊತ್ತಿಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಡಾಕ್ಟರ್ ವಿನ್ಸೆಂಟ್ ಫೆಲಿಟ್ಟಿ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ವಿಚಿತ್ರ ಏನೆಂದರೆ, ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಯಾಕೆ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ, ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಅದರಲ್ಲಿ ಬಹಳ ಜನ ಇದ್ದರು. ಮೈ ದಪ್ಪ ಇದ್ದರೆ ಯಾರೂ ಕಣ್ಣು ಹಾಕುವುದಿಲ್ಲ ಎಂಬುದು ಅವರಿಗೆ ಒಂದು ರಕ್ಷೆ. ಡಾಕ್ಟರಿಗೆ ರೋಗವಾಗಿ ಕಂಡದ್ದು ಅವರ ಪಾಲಿಗೆ ಮದ್ದು. ಇಲ್ಲಿಂದ ಶುರುವಾಗಿ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ಇನ್ನೊಬ್ಬ ಡಾಕ್ಟರು 17,000ಕ್ಕೂ ಹೆಚ್ಚು ದೊಡ್ಡವರ ಬಾಲ್ಯದ ಬಗ್ಗೆ ಕೇಳಿದರು. ಮೊದಲ ವರದಿ ಬಂದದ್ದು 1998ರಲ್ಲಿ. ಅವರ ಪಟ್ಟಿಯಲ್ಲಿ ಮಗುವಿಗೆ ಬಿದ್ದ ಪೆಟ್ಟು ಇತ್ತು, ಬೈಗುಳ ಇತ್ತು, ಮನೆಯಲ್ಲಿ ಕುಡಿತ ಇತ್ತು, ತಾಯಿಗೆ ಬೀಳುವ ಹೊಡೆತವೂ ಬೇರೆಯದೇ ಒಂದು ಅಂಶವಾಗಿ ಇತ್ತು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ, ಏನೂ ಕಾಣದವರಿಗಿಂತ, ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆ ಪ್ರಯತ್ನ ನಾಲ್ಕರಿಂದ ಹನ್ನೆರಡು ಪಟ್ಟು ಜಾಸ್ತಿ ಕಂಡಿತು. ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆ ಕೂಡ ಜಾಸ್ತಿ. ಇವರಾರೂ ಕಡು ಬಡವರಲ್ಲ. ಕೆಲಸ, ಆರೋಗ್ಯ ವಿಮೆ ಎಲ್ಲ ಇದ್ದ ಮಧ್ಯಮ ವರ್ಗದವರೇ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ. ಈ ಪಟ್ಟಿಯನ್ನು ಮೊಬೈಲಿನಲ್ಲಿ ಹುಡುಕಿ, ಅಂಕ ಹಾಕಿಕೊಂಡು, "ನನ್ನ ಆಯುಸ್ಸು ಇಷ್ಟೇ" ಎಂದು ಕೂರಬೇಡಿ. ಅದು ಸಾವಿರಾರು ಜನರನ್ನು ಒಟ್ಟಿಗೆ ನೋಡುವ ಲೆಕ್ಕ, ಒಬ್ಬರ ಜಾತಕ ಅಲ್ಲ. ಆ ಅಂಕವನ್ನು ಒಬ್ಬೊಬ್ಬರ ಮೇಲೆ ಹೀಗೆ ಬಳಸಬಾರದು ಎಂದು ಆಂಡಾ ಅವರೇ 2020ರಲ್ಲಿ ಬರೆದಿದ್ದಾರೆ.

ಹಾಗಾದರೆ ಒಂದೇ ಮನೆಯಲ್ಲಿ ಬೆಳೆದ ಅಣ್ಣ ಯಾಕೆ ಚೆನ್ನಾಗಿದ್ದಾನೆ? ನಾನು ಅವರನ್ನು ನೋಡಿಲ್ಲ, ಚೆನ್ನಾಗೇ ಇರಬಹುದು. ಹುಟ್ಟುಗುಣ ಬೇರೆ. ಗಂಡು ಹುಡುಗ ಸಂಜೆ ಹೊತ್ತು ಮೈದಾನದಲ್ಲಿ ಇರಬಹುದು, ಹೆಣ್ಣು ಮಗಳು ಅಮ್ಮನ ಜೊತೆ ಅಡುಗೆಮನೆಯಲ್ಲಿ ಇರಬೇಕು. ಮನೆ ಒಂದೇ ಆದರೂ ಕಂಡ ರಾತ್ರಿಗಳು ಬೇರೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ದಶಕಗಟ್ಟಲೆ ಗಮನಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದವರ ಪೈಕಿಯೂ ಸುಮಾರು ಮೂರನೇ ಒಂದು ಭಾಗದವರು ಗಟ್ಟಿಯಾಗಿ ಬೆಳೆದರು. ಅವರಿಗೆಲ್ಲ ಸಾಮಾನ್ಯವಾಗಿ ಸಿಕ್ಕ ಒಂದು ಆಸರೆ ಇತ್ತು: ನಂಬಬಹುದಾದ ಒಬ್ಬ ಹಿರಿಯ ಜೀವ. ಅಜ್ಜಿ, ಅತ್ತೆ, ಟೀಚರು, ಯಾರೋ ಒಬ್ಬರು. ಆ ರಾತ್ರಿಗಳಲ್ಲಿ ನೀವು ಯಾರ ಮನೆಗೆ ಓಡುತ್ತಿದ್ದಿರಿ? ಹೊಸಬರು ಯಾರು ಬಂದರೂ ನಾನು ಕೇಳುವ ಪ್ರಶ್ನೆ ಇದು. ಯಾರಾದರೂ ನೆನಪಾದರೆ ಅವರ ಬಗ್ಗೆಯೂ ಮಾತಾಡಿ, ಅಪ್ಪನ ಬಗ್ಗೆ ಮಾತ್ರ ಅಲ್ಲ.

"ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?" ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಮಗಳಿಗೆ ಏಳು ವರ್ಷ. ಹೆಚ್ಚುಕಡಿಮೆ ನೀವು ಮಂಚದ ಕೆಳಗೆ ಕೂರುತ್ತಿದ್ದ ವಯಸ್ಸು. ಮಕ್ಕಳು ನಮ್ಮ ಆ ವಯಸ್ಸಿಗೆ ಬಂದಾಗ ಹಳೆಯದು ಎದ್ದು ಕೂರುವುದನ್ನು ನಾವು ಪದೇ ಪದೇ ನೋಡುತ್ತೇವೆ. ಇಷ್ಟು ಚಿಕ್ಕ ಮಗುವಾ ನಾನು ಆಗ, ಎಂದು ಮೊದಲ ಸಲ ಕಣ್ಣಾರೆ ಕಾಣುತ್ತದೆ. ಅದೇ ಹೊತ್ತಿಗೆ ಅಪ್ಪ ಮನೆಗೆ ಬಂದಿದ್ದಾರೆ. ಕೈಯಲ್ಲಿ ಶಕ್ತಿ ಇಲ್ಲ, ಸರಿ. ಆದರೆ ಅದೇ ಕೆಮ್ಮು, ಅದೇ ಮೈವಾಸನೆ ಪಕ್ಕದ ರೂಮಿನಲ್ಲಿದೆ. ನಿಮ್ಮ ಅಮಿಗ್ಡಲಾಗೆ ಲಕ್ವದ ವಿಷಯ ತಿಳಿಯುವುದಿಲ್ಲ.

ಈಗ ಹಾಲು ಚೆಲ್ಲಿದ ದಿನ. ಪತ್ರದಲ್ಲಿ ನಿಮ್ಮನ್ನು ಜಾಸ್ತಿ ಸುಡುತ್ತಿರುವುದು ಇದೇ ಎಂದು ನನಗೆ ಗೊತ್ತು. "ನಾನೂ ಅಪ್ಪನ ಹಾಗೇ ಆಗಿಬಿಟ್ಟೆನಾ?" ಹೊಡೆತ ತಿಂದು ಬೆಳೆದವರಲ್ಲಿ ಬಹಳಷ್ಟು ಜನ ಹೊಡೆಯುವವರಾಗುವುದಿಲ್ಲ. ಆದರೆ ದಣಿದಾಗ, ನಿದ್ದೆ ಕೆಟ್ಟಾಗ, ಸದಾ ಎಚ್ಚರದಲ್ಲಿರುವ ಮೈ ಸಣ್ಣದಕ್ಕೂ ಸಿಡಿಯುತ್ತದೆ. ಎಡ್ವರ್ಡ್ ಟ್ರಾನಿಕ್ ಎಂಬವರು ತಾಯಿ ಮಗುವಿನ ಒಡನಾಟವನ್ನು ವೀಡಿಯೊದಲ್ಲಿ ಕ್ಷಣ ಕ್ಷಣ ಅಳೆದು ನೋಡಿದರು. ಚೆನ್ನಾಗಿರುವ ತಾಯಿ ಮಕ್ಕಳ ನಡುವೆಯೂ ಹೆಚ್ಚಿನ ಹೊತ್ತು ಒಬ್ಬರದು ಒಬ್ಬರಿಗೆ ಹೊಂದಿರುವುದಿಲ್ಲ. ತಪ್ಪುತ್ತದೆ, ಮತ್ತೆ ಕೂಡುತ್ತದೆ. ಮಗು ಗಟ್ಟಿಯಾಗುವುದು ಆ ಮತ್ತೆ ಕೂಡುವುದರಿಂದ.

ನಿಮ್ಮ ಮನೆಯಲ್ಲಿ ಆಗ ಏನಾಗುತ್ತಿತ್ತು? ಮರುದಿನ ಬೆಳಿಗ್ಗೆ ಏನೂ ನಡೆದೇ ಇಲ್ಲ ಎಂಬಂತೆ ಅಪ್ಪ ಪೇಪರ್ ಹಿಡಿದು ಕಾಫಿ ಕುಡಿಯುತ್ತಿದ್ದಿರಬೇಕು. ಅಮ್ಮ ಸೆರಗು ಎಳೆದು ತೋಳು ಮುಚ್ಚಿಕೊಂಡು ಉಪ್ಪಿಟ್ಟು ಹಾಕುತ್ತಿದ್ದಿರಬೇಕು. "ಹೊರಗೆ ಬಾಯಿ ಬಿಡಬೇಡ" ಎಂಬ ಮಾತೂ ಇತ್ತೇನೋ. ನನ್ನ ಅನುಭವದಲ್ಲಿ ಪೆಟ್ಟಿಗಿಂತ ಈ ಬೆಳಗಿನ ಮೌನ ಒಳಗೆ ಜಾಸ್ತಿ ಕೂರುತ್ತದೆ. ಮಗುವಿಗೆ ಆದದ್ದು ಏನು ಎಂದು ಯಾರೂ ಹೇಳದಿದ್ದರೆ, "ನನ್ನಿಂದಲೇ ಆಯ್ತು" ಎಂದು ಅದು ತಾನೇ ಹೇಳಿಕೊಳ್ಳುತ್ತದೆ. ನಿಮ್ಮ "ನನ್ನಲ್ಲೇ ದೋಷ ಇದೆಯಾ" ಎಂಬ ಪ್ರಶ್ನೆಗೆ ಬಹುಶಃ ಮೂವತ್ತು ವರ್ಷ ವಯಸ್ಸಾಗಿದೆ.

ಹಾಗಾಗಿ ನಿಮ್ಮ ಮಗಳಿಗೆ ಆ ಬೆಳಗನ್ನು ಬದಲಾಯಿಸಿ ಕೊಡಿ. ಒಂದು ತಿಂಗಳಾಗಿದ್ದರೂ ತಡವಾಗಿಲ್ಲ. ನೆಲದ ಮೇಲೆ ಅವಳ ಪಕ್ಕ ಕೂತು ಹೇಳಿ: "ಅವತ್ತು ಹಾಲು ಚೆಲ್ಲಿದಾಗ ಅಮ್ಮ ತುಂಬಾ ಜೋರಾಗಿ ಕಿರುಚಿಬಿಟ್ಟೆ. ನಿಂಗೆ ಹೆದರಿಕೆ ಆಯ್ತು. ಹಾಗೆ ಕಿರುಚಬಾರದಿತ್ತು. ಅದು ನಿನ್ನ ತಪ್ಪಲ್ಲ, ನನ್ನ ಸಿಟ್ಟು." ಅಷ್ಟೇ. "ಆದರೆ ನೀನೂ ಸ್ವಲ್ಪ ನೋಡಿಕೊಂಡು..." ಎಂದು ಬಾಲ ಹಚ್ಚಬೇಡಿ. ಚಾಕೊಲೇಟ್ ಕೊಡಬೇಡಿ. ಅತ್ತು ಅವಳ ಕೈಯಿಂದ ಸಮಾಧಾನ ಮಾಡಿಸಿಕೊಳ್ಳಬೇಡಿ. ಅವಳು "ಆಯ್ತು" ಎಂದು ಆಟಕ್ಕೆ ಓಡಿಹೋಗಬಹುದು. ಓಡಲಿ.

ಚಿಲಕಕ್ಕೆ ಒಂದು ಮನೆಮದ್ದು: ಬದಲಾಯಿಸಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಬೇರೆ ಸದ್ದಿನ ಚಿಲಕ ಹಾಕಿಸಿ. ಇಲ್ಲವೇ ನಿಮ್ಮ ಯಜಮಾನರಿಗೆ ಬೀದಿ ತಿರುವಿನಲ್ಲೇ ಒಂದು ಮಿಸ್ಡ್ ಕಾಲ್ ಕೊಡಲು ಹೇಳಿ. ಮೈ ಸ್ವಲ್ಪ ತಣ್ಣಗಾದ ಮೇಲೆ ಹಗಲು ಹೊತ್ತು ನೀವೇ ಹಳೇ ಚಿಲಕ ಹಿಡಿದು ಹತ್ತಿಪ್ಪತ್ತು ಸಲ ತೆಗೆದು ಹಾಕಿ ನೋಡಬಹುದು, ಆದರೆ ಅದು ಆಮೇಲಿನ ಮಾತು. ಎದೆ ಬಡಿದಾಗ ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡಿ. ಅಂಗಾಲನ್ನು ನೆಲಕ್ಕೆ ಒತ್ತಿ. ಎದುರಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ: ಕುಕ್ಕರ್, ಕ್ಯಾಲೆಂಡರ್, ಮಗಳ ನೀರಿನ ಬಾಟಲಿ. ಇವೆಲ್ಲ ಈಗಿನ ಮನೆಯವು ಎಂದು ಮೈಗೆ ತಿಳಿಯಲಿ.

ಇಷ್ಟರಿಂದಲೇ ಎಲ್ಲ ಆಗುವುದಿಲ್ಲ. ನಿಮಗೆ ಕಾಯಿಲೆ ಇದೆಯೋ ಇಲ್ಲವೋ ಪತ್ರ ನೋಡಿ ಹೇಳಲಾರೆ. ದೀರ್ಘಕಾಲ ಹೀಗೆ ನರಳಿದವರಲ್ಲಿ ಕಾಣುವ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಕಾಂಪ್ಲೆಕ್ಸ್ ಪಿಟಿಎಸ್‌ಡಿ (ಪಿಟಿಎಸ್‌ಡಿ ಎಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಎಂಬ ಹೆಸರು ಸೇರಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಕೆಟ್ಟ ಕನಸು ಬರುತ್ತಿದ್ದರೆ, ನಿದ್ದೆ ಹೋಗಿದ್ದರೆ, ಮಗಳ ಮೇಲೆ ಕೈ ಎತ್ತುವ ಹಾಗಾಗುತ್ತಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬುದೂ ಒಂದು. ಸರ್ಟ್ರಲಿನ್‌ನಂಥ ಮಾತ್ರೆ ದಿಗಿಲನ್ನೂ ಬೇಸರವನ್ನೂ ತಗ್ಗಿಸುತ್ತದೆ, ನೆನಪನ್ನು ಅಳಿಸುವುದಿಲ್ಲ. ಒಳ್ಳೆಯ ಚಿಕಿತ್ಸಕರು ಮೊದಲ ದಿನವೇ ಎಲ್ಲ ಬಿಚ್ಚಿ ಹೇಳಿ ಎಂದು ಒತ್ತಾಯ ಮಾಡುವುದಿಲ್ಲ. ಮೊದಲು ನಿದ್ದೆ ಸರಿ ಮಾಡಿ, ನೆಲ ಗಟ್ಟಿ ಮಾಡಿ, ಆಮೇಲೆ ಅಲ್ಲಿಗೆ ಹೋಗುತ್ತಾರೆ. ಸಮ್ಮೋಹನ ಮಾಡಿ ಮರೆತ ನೆನಪು ತೆಗೆಯುತ್ತೇನೆ ಎನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಇಲ್ಲದ ನೆನಪು ಹುಟ್ಟಿಕೊಳ್ಳುವ ಅಪಾಯ ಅಲ್ಲಿ ನಿಜವಾಗಿ ಇದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ಯಾರಾದರೂ ನಿಮಗೆ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಐವತ್ತು ದಾಟಿ ಬಂದು ಸುಧಾರಿಸಿದವರನ್ನು ನಾನು ನೋಡಿದ್ದೇನೆ.

ಕೊನೆಗೆ ಕ್ಷಮೆ. ಕ್ಷಮೆ ಚಿಕಿತ್ಸೆ ಅಲ್ಲ. ಕೆಲವರಿಗೆ ಚಿಕಿತ್ಸೆ ಮುಗಿಯುವ ಹೊತ್ತಿಗೆ ಅದು ತಾನಾಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಎರಡೂ ಕಡೆಯವರು ಚೆನ್ನಾಗೇ ಬದುಕುತ್ತಾರೆ. ಅಮ್ಮ ಹೇಳುತ್ತಾರೆಂದು ಬಲವಂತವಾಗಿ ಕ್ಷಮಿಸಿದರೆ ಮತ್ತೆ ಅದೇ ಹಳೇ ಬೆಳಗು, ಏನೂ ನಡೆದೇ ಇಲ್ಲ ಎಂಬ ನಾಟಕ. ಅಮ್ಮನ ಮೇಲೆ ಸಿಟ್ಟು ಬೇಡ. ಅವರು ಆ ಮನೆಯಲ್ಲಿ ಬದುಕಿ ಉಳಿದದ್ದೇ ಹಾಗೆ.

ಅಪ್ಪ ಅಳುವ ವಿಷಯದಲ್ಲಿ ನೀವು ಒಂದು ಸಂಗತಿ ತಿಳಿದಿರಬೇಕು. ಲಕ್ವ ಹೊಡೆದ ಮೇಲೆ ಕೆಲವರಿಗೆ ಅಳು ಹಿಡಿತ ತಪ್ಪುತ್ತದೆ. ಟಿವಿಯಲ್ಲಿ ಧಾರಾವಾಹಿ ನೋಡಿದರೂ ಅಳು, ಮೊಮ್ಮಗಳು ಬಂದರೂ ಅಳು. ಅದು ಮೆದುಳಿಗಾದ ಪೆಟ್ಟಿನ ಫಲ, ಅದಕ್ಕೆ ಮಾತ್ರೆಯೂ ಇದೆ, ಅವರ ನರರೋಗ ವೈದ್ಯರನ್ನು ಕೇಳಿ. ನಿಮ್ಮನ್ನು ನೋಡಿ ಬರುವ ಅಳು ಪಶ್ಚಾತ್ತಾಪವೂ ಇರಬಹುದು. ಎರಡೂ ಬೆರೆತಿರಬಹುದು. ಯಾವುದು ಎಂದು ತೀರ್ಮಾನ ಮಾಡುವ ಹೊರೆ ನಿಮ್ಮದಲ್ಲ. ಅವರಿಗೆ ಊಟ, ಮಾತ್ರೆ, ಶುಭ್ರ ಹಾಸಿಗೆ ಸಿಗಬೇಕು. ಅದನ್ನು ನೀವೇ ನಿಮ್ಮ ಕೈಯಿಂದ ತಿನ್ನಿಸಿ ಮಾಡಬೇಕೆಂದಿಲ್ಲ. ಹಗಲಿಗೆ ಒಬ್ಬರು ಆಳು ಇಟ್ಟುಕೊಳ್ಳಿ, ಖರ್ಚಿನಲ್ಲಿ ಅಣ್ಣನ ಪಾಲು ಕೇಳಿ, ವರ್ಷಕ್ಕೆ ಒಂದಷ್ಟು ತಿಂಗಳು ಅವರ ಮನೆಯಲ್ಲಿ ಇರಲಿ. "ಚೆನ್ನಾಗಿದ್ದೀನಿ" ಎನ್ನುವವರಿಗೆ ಅಷ್ಟು ಕಷ್ಟ ಆಗಲಾರದು.

ಕೌನ್ಸೆಲಿಂಗ್‌ಗೆ ಹೋದ ದಿನ ಆಫೀಸಿನಲ್ಲಿ ಆದ ಹಾಗೆ ಅಲ್ಲೂ ಬಾಯಿ ಕಟ್ಟಬಹುದು. ಆಗ ಏನೂ ಹೇಳಲು ಹೋಗಬೇಡಿ. ನನಗೆ ಬರೆದ ಈ ಪತ್ರದ ಒಂದು ಪ್ರತಿ ಬ್ಯಾಗಿನಲ್ಲಿ ಇಟ್ಟುಕೊಂಡಿರಿ, ತೆಗೆದು ಕೊಡಿ. ಅವರು ಓದುವ ತನಕ ಕಿಟಕಿ ಹೊರಗೆ ನೋಡುತ್ತಾ ಕೂತಿರಿ.